ಸಣ್ಣ ಬೇಟೆಗೆ ನೆಚ್ಚಬಹುದಾದ ಏರ್ ರೈಫಲ್ ಯಾವುದು? ಸ್ಪ್ರಿಂಗ್, ಗ್ಯಾಸ್, ಪಂಪ್, ಪಿಸಿಪಿ: ಒಂದು ಹೋಲಿಕೆ

ಏರ್ ರೈಫಲ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಗುಂಡಿನ ವೇಗವನ್ನು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವುದೂ ಅದೇ ಸಂಖ್ಯೆ. ಆದರೆ ಅಂಗಡಿಯೂ ರಿಪೇರಿ ಮಾಡುವವರೂ ಕೈಗೆಟುಕದ ಜಾಗದಲ್ಲಿ ಮೊಲ, ಅಳಿಲು, ಪಾರಿವಾಳಗಳಂಥ ಸಣ್ಣ ಬೇಟೆಯನ್ನೇ ಊಟಕ್ಕೆ ನಂಬಿಕೊಳ್ಳಬೇಕಾದವರಿಗೆ ಆ ಸಂಖ್ಯೆಯಿಂದ ಹೆಚ್ಚಿನ ಉಪಯೋಗವಿಲ್ಲ. ಬಹಳ ದಿನ ಮುಟ್ಟದೆ ಇಟ್ಟಿದ್ದ ಕೋವಿಯನ್ನು ಕೈಗೆತ್ತಿಕೊಂಡಾಗಲೂ ಮೊದಲ ಈಡೇ ಇಟ್ಟ ಗುರಿಗೆ ಬೀಳಬೇಕು. ಕೆಟ್ಟರೆ ಚೀಲದಲ್ಲಿರುವ ಸಲಕರಣೆಗಳಿಂದಲೇ ಸರಿಹೋಗಬೇಕು. ಪೆಲೆಟ್ (ಏರ್ ರೈಫಲ್ ಹಾರಿಸುವ ಸಣ್ಣ ಲೋಹದ ಗುಂಡು) ಬಿಟ್ಟು ಬೇರೇನನ್ನೂ ಅದು ಬೇಡಬಾರದು. ನಾನು ಬಳಸಿ ನೋಡಿದ ಬಗೆಬಗೆಯ ರೈಫಲ್‌ಗಳನ್ನು ಇಲ್ಲಿ ಈ ಮೂರು ಒರೆಗಳಿಗೆ ಹಚ್ಚಿದ್ದೇನೆ. ಯಾವ ಪ್ರಾಣಿಯನ್ನು, ಯಾವ ಕಾಲದಲ್ಲಿ, ಯಾವ ಆಯುಧದಿಂದ ಬೇಟೆಯಾಡಬಹುದು ಎಂಬುದನ್ನು ಆಯಾ ದೇಶದ ಕಾನೂನು ನಿರ್ಧರಿಸುತ್ತದೆ, ಮತ್ತು ಹಲವು ಕಡೆ ಬೇಟೆಗೆ ಅನುಮತಿಯೇ ಇಲ್ಲ. ಅದನ್ನು ತಿಳಿದುಕೊಂಡ ನಂತರವೇ ಆಯ್ಕೆಯ ಮಾತು.

ಮೊದಲು ಶಕ್ತಿಯ ವಿಷಯವನ್ನು ಮುಗಿಸಿಬಿಡುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ನ ಮಿತಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೌಲ್. ಅಲ್ಲಿನ ಬೇಟೆಗಾರರು ಇಷ್ಟೇ ಶಕ್ತಿಯಿಂದ ದಶಕಗಳ ಕಾಲ ಮೊಲಗಳನ್ನು ಹೊಡೆಯುತ್ತ ಬಂದಿದ್ದಾರೆ. 5.5 ಮಿ.ಮೀ. ಬೋರಿನ (ಬ್ಯಾರೆಲಿನ ಒಳ ಅಗಲ), ಹೆಚ್ಚುಕಡಿಮೆ ಒಂದು ಗ್ರಾಂ ತೂಗುವ ಪೆಲೆಟ್ ಈ ಶಕ್ತಿಯಲ್ಲಿ ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿ ಹೊರಡುತ್ತದೆ. ಮೊಲದ ತಲೆಗೆ ಬೀಳುವ ಈಡಿಗೆ ಗುರಿಯ ಬಳಿ ಏಳು ಜೌಲ್‌ನಷ್ಟು ಉಳಿದಿದ್ದರೆ ಸಾಕು ಎಂಬುದು ಬೇಟೆಗಾರರ ನಡುವೆ ರೂಢಿಯಲ್ಲಿರುವ ಲೆಕ್ಕ, ಮತ್ತು 30 ಮೀಟರ್ ದೂರದಲ್ಲಿಯೂ ಈ ಪೆಲೆಟ್ಟಿನಲ್ಲಿ ಅದಕ್ಕಿಂತ ಹೆಚ್ಚೇ ಉಳಿದಿರುತ್ತದೆ. ಇದಕ್ಕೆ ಪ್ರತಿಯಾಗಿ, ಶಬ್ದದ ವೇಗವನ್ನು ದಾಟುತ್ತದೆ ಎಂದು ಹೇಳಿಕೊಳ್ಳುವ ರೈಫಲ್‌ಗಳು ಆ ವೇಗವನ್ನು ಮುಟ್ಟುವುದು ಬಹುಮಟ್ಟಿಗೆ ತೀರ ಹಗುರವಾದ ಮಿಶ್ರಲೋಹದ ಪೆಲೆಟ್‌ಗಳಿಂದ. ನಡು ಸಣ್ಣಗಿರುವ ಪೆಲೆಟ್ ಶಬ್ದದ ವೇಗದ ಆಸುಪಾಸಿನಲ್ಲಿ ಹಾರಾಟದ ಸ್ಥಿರತೆಯನ್ನು ಕಳೆದುಕೊಳ್ಳುವುದರಿಂದ ಅಲ್ಲಿ ಗಳಿಸಿದ ವೇಗ ಬೇಟೆಯಲ್ಲಿ ನಷ್ಟವಾಗಿಯೇ ಪರಿಣಮಿಸುತ್ತದೆ.

ಬ್ಯಾರೆಲ್ ಬಗ್ಗಿಸಿ ಲೋಡ್ ಮಾಡುವ ಸ್ಪ್ರಿಂಗ್ ರೈಫಲ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ನನ್ನ ತೀರ್ಮಾನ ಕೊನೆಗೂ ಅದರ ಕಡೆಗೇ ವಾಲುತ್ತದೆ. ಬ್ಯಾರೆಲನ್ನು ಕೆಳಕ್ಕೆ ಬಗ್ಗಿಸಿದರೆ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ತನ್ನ ಮುಂದಿನ ಗಾಳಿಯನ್ನು ಒಮ್ಮೆಲೇ ಹಿಂಡಿ ಪೆಲೆಟ್ಟನ್ನು ತಳ್ಳುತ್ತದೆ. ಅನಿಲದ ಸಿಲಿಂಡರ್, ಕವಾಟ, ಗಾಳಿ ತುಂಬಿದ ಟ್ಯಾಂಕು ಯಾವುದೂ ಇಲ್ಲ. ಪ್ರತಿ ಈಡಿಗೆ ಬೇಕಾದ ಶಕ್ತಿ ತೋಳಿನಿಂದ ಆ ಗಳಿಗೆಯಲ್ಲೇ ಬರುತ್ತದೆ. ಜರ್ಮನಿಯ ಡಯಾನಾ 34, ವೈರಾಖ್ ಎಚ್‌ಡಬ್ಲ್ಯು 50ಯಂಥ ಮಧ್ಯಮ ಶಕ್ತಿಯ ರೈಫಲ್‌ಗಳು ಈ ಬಗೆಯಲ್ಲಿ ಹೆಸರು ಮಾಡಿದವು. ಇವುಗಳ ಒಂದು ಗುಣವನ್ನು ವಿಶೇಷವಾಗಿ ಹೇಳಬೇಕು: ಒಳಗಿನ ಸ್ಪ್ರಿಂಗ್ ತುಂಡಾದರೂ ಅನೇಕ ವೇಳೆ ರೈಫಲ್ ಪೂರ್ತಿ ಕೈಕೊಡುವುದಿಲ್ಲ, ಶಕ್ತಿ ಕುಂದುತ್ತದೆ, ಬಗ್ಗಿಸುವಾಗ ಕರಕರ ಸದ್ದು ಬರುತ್ತದೆ, ಆದರೂ ಹತ್ತಿರದ ಹಕ್ಕಿಯನ್ನು ಹೊಡೆಯುವಷ್ಟು ಕೆಲಸ ಮಾಡುತ್ತಿರುತ್ತದೆ. ಕೆಡುವ ಮೊದಲು ಹೀಗೆ ಸೂಚನೆ ಕೊಡುವ ಯಂತ್ರದ ಬೆಲೆ ದೂರದ ಕಾಡಿನಲ್ಲಿ ಇದ್ದವರಿಗೆ ಗೊತ್ತು.

ಇದರ ತೊಂದರೆ ಇರುವುದು ಹಿಡಿಯುವ ಕ್ರಮದಲ್ಲಿ. ಪೆಲೆಟ್ ಬ್ಯಾರೆಲಿನಿಂದ ಹೊರಬೀಳುವ ಮೊದಲೇ ಭಾರವಾದ ಪಿಸ್ಟನ್ ಮುಂದಕ್ಕೆ ಚಲಿಸಿ ನಿಲ್ಲುವುದರಿಂದ ರೈಫಲ್ ಮೊದಲು ಹಿಂದಕ್ಕೂ ಒಡನೆಯೇ ಮುಂದಕ್ಕೂ ಜಗ್ಗುತ್ತದೆ. ಅದನ್ನು ಬಿಗಿಯಾಗಿ ಅವುಚಿಕೊಂಡರೆ ಅಥವಾ ಬಂಡೆಯಂಥ ಗಟ್ಟಿ ಆಸರೆಯ ಮೇಲೆ ನೇರವಾಗಿ ಇಟ್ಟರೆ ಪೆಲೆಟ್ ಬೀಳುವ ಜಾಗ ಬದಲಾಗುತ್ತದೆ. ಮುಂದಿನ ಅಂಗೈಯನ್ನು ಬಿಚ್ಚಿ, ಟ್ರಿಗರ್ ಗಾರ್ಡಿನ ಮುಂದಿನ ಭಾಗವನ್ನು ಅದರ ಮೇಲೆ ಸುಮ್ಮನೆ ಕೂರಿಸಿ, ಹೆಗಲಿಗೆ ಹಗುರವಾಗಿ ತಾಗಿಸಿ, ರೈಫಲ್ ತನಗೆ ಬೇಕಾದಂತೆ ಜಗ್ಗಲು ಬಿಟ್ಟರೆ ಪೆಲೆಟ್‌ಗಳು ಒಂದೇ ಕಡೆ ಗುಂಪುಗೂಡುತ್ತವೆ. ಅಂಗೈಯನ್ನು ಎರಡು ಬೆರಳಿನಷ್ಟು ಮುಂದೆ ಸರಿಸಿದರೂ ಗುಂಪು ಕದಲುವುದನ್ನು ನಾನು ಕಾಗದದ ಮೇಲೆ ಮತ್ತೆಮತ್ತೆ ಕಂಡಿದ್ದೇನೆ. ಇದನ್ನು ರೂಢಿ ಮಾಡಿಕೊಳ್ಳುವಷ್ಟು ತಾಳ್ಮೆ ಇಲ್ಲದವರು ಮುಂದೆ ಬರುವ ಪಂಪ್ ರೈಫಲ್ ಕೊಳ್ಳುವುದು ಒಳ್ಳೆಯದು. ಇದೇ ಎರಡು ದಿಕ್ಕಿನ ಜಗ್ಗಾಟದಿಂದ ಸ್ಟಾಕಿನ (ಹೆಗಲಿಗೆ ಆನಿಸುವ ಹಿಡಿಯ) ಸ್ಕ್ರೂಗಳೂ ಸಡಿಲವಾಗುತ್ತವೆ. ಗುಂಪು ಕಾರಣವಿಲ್ಲದೆ ಚದುರಿದರೆ ಬೇರೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅವನ್ನೇ.

ಗ್ಯಾಸ್ ಪಿಸ್ಟನ್ ರೈಫಲ್ ಹೊರನೋಟಕ್ಕೆ ಸ್ಪ್ರಿಂಗ್ ರೈಫಲ್‌ನಂತೆಯೇ ಇರುತ್ತದೆ. ಒಳಗೆ ಉಕ್ಕಿನ ಸುರುಳಿಯ ಬದಲು ಒತ್ತಿ ತುಂಬಿದ ಅನಿಲದ ಸಿಲಿಂಡರ್ ಇರುತ್ತದೆ. ಟ್ರಿಗರ್ ಎಳೆದ ಮೇಲೆ ಉಳಿಯುವ ಕಂಪನ ಕಡಿಮೆ, ಮತ್ತು ಹೆಚ್ಚು ಹೊತ್ತು ಬಗ್ಗಿಸಿಟ್ಟು ಕಾದರೂ ಉಕ್ಕಿನ ಸ್ಪ್ರಿಂಗ್‌ನಂತೆ ಇದು ಸೊರಗುವುದಿಲ್ಲ. ಒಂದೇ ಕಡೆ ಕುಳಿತು ಬೇಟೆ ಬರುವವರೆಗೆ ಕಾಯುವವರಿಗೆ ಇದು ನಿಜವಾದ ಅನುಕೂಲ. ಆದರೆ ಬಗ್ಗಿಸಲು ಮೊದಲ ಅಂಗುಲದಿಂದಲೇ ಪೂರ್ತಿ ಬಲ ಬೇಕು, ಮತ್ತು ಸೀಲು ಸೋರಿದರೆ ಅದನ್ನು ಕಾಡಿನಲ್ಲಿ ಸರಿಪಡಿಸುವ ದಾರಿ ಇಲ್ಲ. ನನ್ನ ಎರಡನೆಯ ಒರೆಯಲ್ಲಿ ಇದು ನಿಲ್ಲುವುದಿಲ್ಲ.

ಹಲವು ಬಾರಿ ಪಂಪ್ ಹೊಡೆದು ಗಾಳಿ ತುಂಬುವ ಮಲ್ಟಿ-ಪಂಪ್ ರೈಫಲ್‌ಗೆ ತಕ್ಕ ಮನ್ನಣೆ ಸಿಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆಂಜಮಿನ್ 392 ಇದರ ಪ್ರಸಿದ್ಧ ಉದಾಹರಣೆ: 5.5 ಮಿ.ಮೀ. ಬೋರು, ಮೂರರಿಂದ ಎಂಟು ಪಂಪ್, ಎರಡೂವರೆ ಕಿಲೋ ಆಸುಪಾಸಿನ ತೂಕ. ಜಗ್ಗಾಟ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಹೇಗೆ ಹಿಡಿದರೂ, ಮರದ ಕಾಂಡಕ್ಕೆ ಆನಿಸಿದರೂ ಗುರಿ ತಪ್ಪುವುದಿಲ್ಲ. ಹತ್ತಿರದ ಹಕ್ಕಿಗೆ ಕಡಿಮೆ ಪಂಪ್, ದೂರದ ಮೊಲಕ್ಕೆ ಪೂರ್ತಿ ಪಂಪ್ ಎಂದು ಶಕ್ತಿಯನ್ನು ಹೊಂದಿಸಿಕೊಳ್ಳಬಹುದು. ಆದರೆ ಪಂಪಿನ ಸಂಖ್ಯೆ ಬದಲಾದಂತೆ ಪೆಲೆಟ್ ಬೀಳುವ ಎತ್ತರವೂ ಬದಲಾಗುವುದರಿಂದ ನಾನು ಒಂದೇ ಸಂಖ್ಯೆಗೆ ಅಂಟಿಕೊಳ್ಳುತ್ತೇನೆ. ಹೇಳಿದ್ದಕ್ಕಿಂತ ಹೆಚ್ಚು ಪಂಪ್ ಹೊಡೆಯಲೇಬಾರದು, ಏಕೆಂದರೆ ಒತ್ತಡ ಮಿತಿಮೀರಿದರೆ ಒಳಗಿನ ಸುತ್ತಿಗೆ ಹೊಡೆದರೂ ಕವಾಟ ಪೂರ್ತಿ ತೆರೆಯದೆ ಶಕ್ತಿ ಕಡಿಮೆಯಾಗುತ್ತದೆ, ಸೀಲುಗಳೂ ಬೇಗ ಸವೆಯುತ್ತವೆ. ಎತ್ತಿಡುವಾಗ ಪೆಲೆಟ್ ಇಲ್ಲದೆ ಒಂದೆರಡು ಪಂಪ್ ಗಾಳಿಯನ್ನು ಒಳಗೆ ಬಿಟ್ಟಿರಬೇಕು. ಆ ಗಾಳಿಯ ಒತ್ತಡ ಕವಾಟವನ್ನು ಬಿಗಿಯಾಗಿ ಮುಚ್ಚಿಟ್ಟು ಧೂಳು ಕೂರದಂತೆ ನೋಡಿಕೊಳ್ಳುತ್ತದೆ. ಮರುದಿನ ಗುರಿಯಿಲ್ಲದ ಸುರಕ್ಷಿತ ದಿಕ್ಕಿಗೆ ಟ್ರಿಗರ್ ಎಳೆದಾಗ ಠಪ್ಪೆಂದು ಗಾಳಿ ಬಂದರೆ ಸೀಲು ಸರಿಯಿದೆ ಎಂದು ತಿಳಿಯಬಹುದು. ಇದರ ಕೊರತೆ ಎರಡನೆಯ ಈಡಿನದು. ಮೊದಲನೆಯದು ತಪ್ಪಿದರೆ ಮತ್ತೆ ಎಂಟು ಬಾರಿ ತೋಳಾಡಿಸುವಷ್ಟರಲ್ಲಿ, ಆ ಟಪಟಪ ಸದ್ದಿಗೆ, ಬೇಟೆ ಉಳಿದಿರುವುದಿಲ್ಲ.

ಪಿಸಿಪಿ (ಪ್ರೀ-ಚಾರ್ಜ್ಡ್ ನ್ಯೂಮ್ಯಾಟಿಕ್) ರೈಫಲ್‌ನ ಗುರಿಯನ್ನು ಹೊಗಳದೆ ಇರಲಾರೆ. ಸುಮಾರು 200 ಬಾರ್ ಒತ್ತಡದಲ್ಲಿ ಮೊದಲೇ ತುಂಬಿಟ್ಟ ಗಾಳಿಯಿಂದ ಹತ್ತಾರು ಈಡುಗಳು, ಜಗ್ಗಾಟವಿಲ್ಲದೆ, ಒಂದರ ಹಿಂದೆ ಒಂದು ಅದೇ ತೂತಿನ ಆಸುಪಾಸಿಗೆ ಹೋಗುತ್ತವೆ. ಉಳಿದ ಯಾವ ಬಗೆಯೂ ಇದಕ್ಕೆ ಸರಿದೊರೆಯಲ್ಲ. ಆದರೆ ಗಾಳಿ ಮುಗಿದರೆ ಕೈಪಂಪ್ ಬೇಕು, ಅದೂ ಮೂರು ಹಂತದ ವಿಶೇಷ ಪಂಪು, ಮತ್ತು ಪಂಪಿನ ಜೊತೆ ಒಳಹೋಗುವ ತೇವ ಕಾಲಕ್ರಮದಲ್ಲಿ ಒಳಭಾಗವನ್ನು ತುಕ್ಕು ಹಿಡಿಸಬಹುದು. ಕಡಲೆಕಾಳಿನಷ್ಟು ಅಗಲದ ಒಂದು ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಸೀಳಿದರೂ ಇಡೀ ರೈಫಲ್ ನಿಷ್ಪ್ರಯೋಜಕ. ಇದು ಹೊಸ ಸಮಸ್ಯೆಯೂ ಅಲ್ಲ. 1780ರ ಸುಮಾರಿಗೆ ಆಸ್ಟ್ರಿಯಾದ ಸೇನೆ ಬಳಕೆಗೆ ತಂದ ಜಿರಾರ್ಡೋನಿ ಏರ್ ರೈಫಲ್‌ನ ಒಂದು ಗಾಳಿಬುರುಡೆ ತುಂಬಲು ಸಾವಿರದೈನೂರರಷ್ಟು ಪಂಪ್ ಬೇಕಾಗುತ್ತಿತ್ತು. ಗುಂಡು ಹಾರಿಸುವುದರಲ್ಲಿ ತನ್ನ ಕಾಲದ ಬಂದೂಕುಗಳನ್ನು ಮೀರಿಸಿದ್ದ ಆ ಆಯುಧ ಸೇನೆಯಿಂದ ಮರೆಯಾಗಲು ಅದರ ನಾಜೂಕುತನವೂ ಅದನ್ನು ಸುಸ್ಥಿತಿಯಲ್ಲಿಡುವ ಕಷ್ಟವೂ ಮುಖ್ಯ ಕಾರಣವಾದವು.

ಕಾರ್ಟ್ರಿಜ್‌ನಲ್ಲಿ ತುಂಬಿದ ಇಂಗಾಲದ ಡೈಆಕ್ಸೈಡ್ ಅನಿಲದಿಂದ ಹೊಡೆಯುವ ಸಿಒ2 ರೈಫಲ್‌ಗೆ ಹೆಚ್ಚು ಮಾತು ಬೇಡ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 57 ಬಾರ್ ಇರುವ ಅನಿಲದ ಒತ್ತಡ ಸೊನ್ನೆ ಡಿಗ್ರಿಯಲ್ಲಿ 35ಕ್ಕೆ ಇಳಿಯುತ್ತದೆ. ಬೆಳಗಿನ ಚಳಿಯಲ್ಲಿ ಒಂದೆಡೆ, ಮಧ್ಯಾಹ್ನ ಇನ್ನೊಂದೆಡೆ ಹೊಡೆಯುವ ರೈಫಲ್ ಇದು. ಕಾರ್ಟ್ರಿಜ್ ಮುಗಿದ ಮೇಲೆ ಅದೂ ಇಲ್ಲ.

ಬೋರಿನ ಆಯ್ಕೆಯಲ್ಲಿ 4.5 ಮಿ.ಮೀ. ಪರವಾಗಿಯೂ ಗಟ್ಟಿ ವಾದಗಳಿವೆ. ಅದೇ 16 ಜೌಲ್‌ನಲ್ಲಿ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೋಗುವ ಅದರ ಪೆಲೆಟ್ ದಾರಿಯಲ್ಲಿ ಕಡಿಮೆ ಇಳಿಯುವುದರಿಂದ ದೂರವನ್ನು ಅಂದಾಜಿಸುವಾಗ ಆಗುವ ಸಣ್ಣ ವ್ಯತ್ಯಾಸವನ್ನು ಕ್ಷಮಿಸುತ್ತದೆ, ತೂಕವೂ ಅರ್ಧ. ಹಾಗಿದ್ದೂ ನಾನು 5.5 ಮಿ.ಮೀ. ಆರಿಸಿದ್ದಕ್ಕೆ ಎರಡು ಕಾರಣ. ಈಡು ಕೂದಲೆಳೆಯಷ್ಟು ಆಚೀಚೆಯಾದಾಗಲೂ ಅಗಲವಾದ, ಭಾರವಾದ ಪೆಲೆಟ್ ಪ್ರಾಣಿಯನ್ನು ನರಳಿಸದೆ ಬೀಳಿಸುವ ಸಾಧ್ಯತೆ ಹೆಚ್ಚು. ಇನ್ನೊಂದು ಬೆರಳುಗಳದು: ಚಳಿಗೆ ಮರಗಟ್ಟಿದ ಕೈಯಿಂದ 4.5ರ ಪೆಲೆಟ್ಟನ್ನು ಬ್ಯಾರೆಲಿಗೆ ತುರುಕುವಾಗ ಅದು ತಿರುಗಿ ಹುಲ್ಲಿನಲ್ಲಿ ಬಿದ್ದು ಕಳೆದುಹೋಗುತ್ತದೆ. 5.5ರ ಪೆಲೆಟ್ ಬೆರಳಿಗೆ ಸಿಗುತ್ತದೆ, ಹೆಬ್ಬೆರಳಿನ ತುದಿಯಿಂದ ಒತ್ತಿದಾಗ ಅದರ ಅಂಚು ಒಳಗೆ ಕೂತದ್ದು ಕಣ್ಣುಮುಚ್ಚಿದರೂ ತಿಳಿಯುತ್ತದೆ. ತೂಕದ ಚಿಂತೆಯೂ ದೊಡ್ಡದಲ್ಲ; ಐನೂರು ಪೆಲೆಟ್‌ಗಳಿಗೆ ಅರ್ಧ ಕಿಲೋ ಆದೀತು.

ಯಾವ ಬಗೆಯದೇ ಆಗಲಿ, ಕಬ್ಬಿಣದ ಗುರಿಕಣ್ಣು ಇಲ್ಲದ ರೈಫಲನ್ನು ಇಂಥ ಕೆಲಸಕ್ಕೆ ಕೊಳ್ಳಬಾರದು. ಟೆಲಿಸ್ಕೋಪ್ ಒಡೆದರೂ ಮಂಜು ಹಿಡಿದರೂ ರೈಫಲ್ ಕುರುಡಾಗಬಾರದು. ಸ್ಪ್ರಿಂಗ್ ರೈಫಲ್‌ಗೆ ಟೆಲಿಸ್ಕೋಪ್ ಹಾಕುವುದಾದರೆ ಅದರ ಎರಡು ದಿಕ್ಕಿನ ಜಗ್ಗಾಟಕ್ಕೆಂದೇ ಮಾಡಿದ್ದನ್ನು ಹಾಕಬೇಕು. ಭಾರಿ ಬಂದೂಕಿಗೆ ತಾಳುವ ಟೆಲಿಸ್ಕೋಪ್‌ಗಳೂ ಇಲ್ಲಿ ಒಳಗಿನ ಗಾಜು ಸಡಿಲಗೊಂಡು ಹಾಳಾಗುವುದುಂಟು. ಎಷ್ಟು ದೂರದವರೆಗೆ ಹೊಡೆಯಬಹುದು ಎಂಬುದನ್ನು ರೈಫಲ್‌ನ ಶಕ್ತಿಯಿಂದಲ್ಲ, ಎರಡೂವರೆ ಸೆಂಟಿಮೀಟರ್ ವೃತ್ತದಿಂದ ನಿರ್ಧರಿಸಬೇಕು: ಬೇಟೆಯಲ್ಲಿ ಕೂರುವಂತೆಯೇ ಕುಳಿತು, ಮಂಡಿಯೂರಿ, ನಿಂತು ಹೊಡೆದಾಗ ಪ್ರತಿ ಪೆಲೆಟ್ಟೂ ಆ ವೃತ್ತದೊಳಗೆ ಬೀಳುವ ದೂರವೇ ಪ್ರಾಣಿಯ ಮೇಲೆ ಟ್ರಿಗರ್ ಎಳೆಯುವ ಹಕ್ಕಿರುವ ದೂರ. ನನ್ನ ಮಟ್ಟಿಗೆ ಅದು ಸ್ಪ್ರಿಂಗ್ ರೈಫಲ್‌ನಲ್ಲಿ 25 ಮೀಟರ್ ದಾಟುವುದಿಲ್ಲ. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ದಪ್ಪ ಮರವೋ ಇರಲೇಬೇಕು. ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗುತ್ತದೆ.

ಒಂದೇ ತೂಕದ, ಒಂದೇ ಆಕಾರದ ಪೆಲೆಟ್‌ಗಳೂ ಒಂದು ಬ್ಯಾರೆಲಿಗೆ ಒಪ್ಪಿ ಇನ್ನೊಂದಕ್ಕೆ ಒಪ್ಪದಿರಬಹುದಾದ್ದರಿಂದ ದುಂಡುತಲೆಯ ನಾಲ್ಕೈದು ಬಗೆಗಳನ್ನು ಹೊಡೆದು ನೋಡಿ, ರೈಫಲ್ ಮೆಚ್ಚಿದ್ದನ್ನೇ ಸಾಕಷ್ಟು ಕೊಂಡಿಡಬೇಕು. ಸ್ಪ್ರಿಂಗ್ ರೈಫಲ್‌ನ ಜೊತೆ ನಾನು ಒಯ್ಯುವುದು ಒಂದು ಬಿಡಿ ಸ್ಪ್ರಿಂಗ್, ಪಿಸ್ಟನ್ ಸೀಲು, ಬ್ಯಾರೆಲ್ ಬುಡದ ಸೀಲು, ಸ್ಟಾಕಿನ ಸ್ಕ್ರೂಗಳಿಗೆ ಹೊಂದುವ ಸ್ಕ್ರೂಡ್ರೈವರ್ ಮತ್ತು ಹೊರಗಿನ ಲೋಹಕ್ಕೆ ಹಚ್ಚುವ ಎಣ್ಣೆಯ ಸಣ್ಣ ಸೀಸೆ. ಆ ಎಣ್ಣೆ ಪಿಸ್ಟನ್ ಓಡುವ ಕೊಳವೆಯೊಳಗೆ ಹೋಗಬಾರದು: ಅಲ್ಲಿ ಹಿಂಡಿದ ಗಾಳಿಯ ಬಿಸಿಗೆ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಂಡು ಸೀಲನ್ನು ಸುಡುತ್ತದೆ.