ಕಾರ್ಡಿಯರೈಟ್ ಜೆಲ್ ಅರ್ಧ ಒಣಗಿದ್ದಾಗ ಫರ್ನೇಸಿಗೆ ಇಡಬೇಡಿ

ದಾವಣಗೆರೆಯ ಒಂದು ಕಾಲೇಜು ಲ್ಯಾಬಿನಲ್ಲಿ ಚಿಪ್ ಪ್ಯಾಕೇಜಿಂಗ್ ಪ್ರಾಜೆಕ್ಟಿಗೆ ಮಾಡಿದ ಕಾರ್ಡಿಯರೈಟ್ (ಮೆಗ್ನೀಸಿಯಂ, ಅಲ್ಯೂಮಿನಿಯಂ, ಸಿಲಿಕಾ ಸೇರಿದ ಸೆರಾಮಿಕ್) ಜೆಲ್ಲನ್ನು ಅರೆಬರೆ ಒಣಗಿಸಿ ಮಫಲ್ ಫರ್ನೇಸಿಗೆ (ಮುಚ್ಚಿದ ವಿದ್ಯುತ್ ಕುಲುಮೆಗೆ) ಇಟ್ಟರು. ಬಾಗಿಲು ಮುಚ್ಚಿ ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸಿದರು. ಅರ್ಧ ಗಂಟೆಯೊಳಗೆ ಕೋಣೆ ತುಂಬ ಕಂದು ಹೊಗೆ. ಒಳಗಿದ್ದವರು ಕೆಮ್ಮುತ್ತ ಹೊರಗೋಡಿದರು.

ಅಳತೆಯಲ್ಲಿ ತಪ್ಪಿರಲಿಲ್ಲ: ಟಿಇಒಎಸ್ (ಸಿಲಿಕಾ ಕೊಡುವ ದ್ರವ) 52 ಗ್ರಾಂ, ಅಲ್ಯೂಮಿನಿಯಂ ನೈಟ್ರೇಟ್ 75 ಗ್ರಾಂ, ಮೆಗ್ನೀಸಿಯಂ ನೈಟ್ರೇಟ್ 25.6 ಗ್ರಾಂ (ಎರಡೂ ನೀರು ಸೇರಿದ ಹರಳು). ಇಷ್ಟರಿಂದ ಸಿಗುವ ಕಾರ್ಡಿಯರೈಟ್ 29 ಗ್ರಾಂ. ನೈಟ್ರೇಟ್ ಪೂರ್ತಿ ಒಡೆದರೆ ಏಳಬಹುದಾದ ನೈಟ್ರೋಜನ್ ಡೈಆಕ್ಸೈಡ್, ಅಂದರೆ ಆ ಕಂದು ಹೊಗೆ, ಸುಮಾರು 37 ಗ್ರಾಂ. ಮಾಲಿಗಿಂತ ವಿಷವೇ ಹೆಚ್ಚು. ಈ ಅನಿಲ ಮೊದಲು ಬರೀ ಕೆಮ್ಮು ತರಿಸಿ, ಹಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ಉಸಿರಿನಲ್ಲಿ ಎಳೆದುಕೊಂಡವರು 'ಈಗ ಆರಾಮಿದೀನಿ' ಅಂದರೂ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಡಾಕ್ಟರಿಗೆ ಅನಿಲದ ಹೆಸರು ಹೇಳಿ.

ಎಥೆನಾಲ್ ಉಳಿದ ಜೆಲ್ ಇನ್ನೂ ಅಪಾಯ. ಉರಿಯುವ ಎಥೆನಾಲ್ ಮತ್ತು ಉರಿಸುವ ನೈಟ್ರೇಟ್ ಎರಡೂ ಒಂದೇ ಪಾತ್ರೆಯಲ್ಲಿರುತ್ತವೆ. ಪೆಟ್ರಿ ಡಿಶ್ಶಿಗೆ ಫಾಯಿಲ್ ಮುಚ್ಚಿ, ಸೂಜಿಯಿಂದ ನಾಲ್ಕೈದು ತೂತು ಹಾಕಿ, ಫ್ಯೂಮ್ ಹುಡ್ (ಹೊಗೆ ಹೊರಗೆಳೆಯುವ ಲ್ಯಾಬ್ ಪೆಟ್ಟಿಗೆ) ಒಳಗೆ ಒಂದು ವಾರ ಬಿಡಿ. ಆಮೇಲೆ 60 ಡಿಗ್ರಿಯಲ್ಲಿ 2 ದಿನ. ಏಪ್ರಿಲ್ ತಿಂಗಳ ನಮ್ಮೂರ ಒಣ ಗಾಳಿಯಲ್ಲಿ ತೆರೆದಿಟ್ಟರೆ ಸಂಜೆಗೆ ಜೆಲ್ ಚೂರುಚೂರು, ಫ್ಯಾನ್ ಕೆಳಗಂತೂ ಇಡಲೇಬೇಡಿ. ಮೆಗ್ನೀಸಿಯಂ ಸಿಲಿಕಾ ಜಾಲಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಬೇಗ ಒಣಗಿಸಿದರೆ ದ್ರವದ ಜೊತೆ ಮೇಲಕ್ಕೆ ಬಂದು ಬಿಳಿ ಪೊರೆ ಕಟ್ಟುತ್ತದೆ. ಅದನ್ನು ಕೆರೆದು ಎಸೆದರೆ ನಿಮ್ಮ ಅಳತೆಯೇ ಕೆಟ್ಟಿತು.

ಫರ್ನೇಸಿನ ಹೊಗೆ ಕೊಳವೆ ಎಕ್ಸಾಸ್ಟಿಗೆ ಸೇರಿರಬೇಕು. ಒಂದು ಸಲಕ್ಕೆ 5 ಗ್ರಾಂ ಸಾಕು. 600 ಡಿಗ್ರಿವರೆಗೆ ನಿಮಿಷಕ್ಕೆ 1 ಡಿಗ್ರಿ, ಅಲ್ಲಿ 4 ಗಂಟೆ ನಿಲ್ಲಿಸಿ. ತೆಗೆದ ಪುಡಿ ಬೂದು ಬಣ್ಣದ್ದಾಗಿದ್ದರೆ ಇಂಗಾಲ ಉಳಿದಿದೆ. ಬಿಳಿಯಾಗುವ ತನಕ ಮುಂದಕ್ಕೆ ಹೋಗಬೇಡಿ. 800 ದಾಟಿದ ಮೇಲೆ ಪುಡಿಯಲ್ಲಿನ ಗಾಜು ಮೆತ್ತಗಾಗಿ ರಂಧ್ರ ಮುಚ್ಚುತ್ತದೆ, ಒಳಗೆ ಸಿಕ್ಕಿದ ಅನಿಲ ಪೆಲೆಟ್ಟನ್ನು (ಪುಡಿ ಒತ್ತಿ ಮಾಡಿದ ಬಿಲ್ಲೆಯನ್ನು) ಪೂರಿಯಂತೆ ಉಬ್ಬಿಸುತ್ತದೆ. ಹೆಚ್ಚು ಶಾಖ ಕೊಟ್ಟು ಸರಿಮಾಡೋಣ ಅನ್ನುವಂತಿಲ್ಲ, ಚಿಪ್ಪಿಗೆ ಕರೆಂಟ್ ಹರಿಸಲು ಅದರ ಮೇಲೆ ಬರೆಯುವ ಬೆಳ್ಳಿ ಗೆರೆ 961 ಡಿಗ್ರಿಗೇ ಕರಗುತ್ತದೆ.

ಕರೆಂಟ್ ಹೋಗಿ ಬಂದಾಗ ಕೆಲವು ಕಂಟ್ರೋಲರ್‌ಗಳು ನಿಧಾನದ ಏರಿಕೆ ಬಿಟ್ಟು ನೇರ ಕೊನೆಯ ತಾಪಕ್ಕೆ ಓಡುತ್ತವೆ. ನಿಮ್ಮದು ಹಾಗಿದ್ದರೆ, ನೈಟ್ರೇಟ್ ಒಡೆದು ಹೊಗೆ ಏಳುವ 450 ಡಿಗ್ರಿವರೆಗಿನ ಹಂತವನ್ನು ಹಗಲಿನಲ್ಲೇ, ಎದುರಿಗೆ ಒಬ್ಬರಿದ್ದಾಗಲೇ ಮುಗಿಸಿ.