ಬೋರ್ಡ್ ಒಂದೇ, ಪ್ರೊಸೆಸರ್ ಎರಡು: 5600ಜಿ ಮತ್ತು 5600 ನಡುವೆ ನನ್ನ ಒಂದು ವಾರ

ಡಬ್ಬಿಯ ಮೇಲೆ ದೊಡ್ಡದಾಗಿ ಪಿಸಿಐಇ 4.0 ಎಂದು ಬರೆದಿತ್ತು. ಅದನ್ನು ನೋಡಿಯೇ ಬಿ550 ಮದರ್‌ಬೋರ್ಡ್ ತಗೊಂಡೆ, ಜೊತೆಗೆ ರೈಝನ್ 5 5600ಜಿ ಪ್ರೊಸೆಸರ್. ಪಿಸಿಐಇ ಅಂದರೆ ಗ್ರಾಫಿಕ್ಸ್ ಕಾರ್ಡಿಗೂ ಎಸ್‌ಎಸ್‌ಡಿಗೂ (ಫೈಲ್ ಉಳಿಸುವ ಡ್ರೈವ್) ಡೇಟಾ ಹೋಗಿಬರುವ ದಾರಿ. 4.0 ಅಂದರೆ ಅದರ ನಾಲ್ಕನೇ ತಲೆಮಾರು, 'ಜೆನ್ 4'. ಜೆನ್ 3ರ ಎರಡರಷ್ಟು ವೇಗ. "ಬೋರ್ಡ್ ಜೆನ್ ಫೋರ್ ಐತ್ರಿ ಸರ್, ಚಿಂತಿ ಮಾಡಬ್ಯಾಡ್ರಿ" ಎಂದರು ಹುಬ್ಬಳ್ಳಿಯ ಅಂಗಡಿಯವರು. ಸುಳ್ಳೇನೂ ಹೇಳಲಿಲ್ಲ. ಚಿಗರಿ ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಧಾರವಾಡಕ್ಕೆ ಬಂದವನು ರಾತ್ರಿಯೇ ಜೋಡಿಸಿದೆ. ಎಸ್‌ಎಸ್‌ಡಿ ಸೆಕೆಂಡಿಗೆ 7,000 ಎಂಬಿ ಓದುವಂಥದ್ದು. ಟೆಸ್ಟ್ ಹಾಕಿದರೆ 3,500ರ ಹತ್ತಿರ ನಿಂತುಬಿಟ್ಟಿತು.

ಬಯಾಸ್ ಅಪ್‌ಡೇಟ್ ಮಾಡಿದೆ. ಎಸ್‌ಎಸ್‌ಡಿಯನ್ನು ಕೆಳಗಿನ ಎಂ.2ಗೆ, ಅಂದರೆ ಎಸ್‌ಎಸ್‌ಡಿ ಕೂರುವ ಇನ್ನೊಂದು ಸ್ಲಾಟಿಗೆ, ಹಾಕಿದೆ. ಅದರ ಸಂಪರ್ಕ ಬೋರ್ಡಿನ ಮೇಲಿರುವ ಚಿಪ್‌ಸೆಟ್ ಎಂಬ ಚಿಪ್‌ನಿಂದ, ಬಿ550ಯಲ್ಲಿ ಹೇಗೂ ಜೆನ್ 3. ಸುಮ್ನೆ ರಾತ್ರಿ ಹಾಳು. ಗ್ರಾಫಿಕ್ಸ್ ಕಾರ್ಡಿನ ಸ್ಲಾಟಿಗೂ ಮೇಲಿನ ಎಂ.2ಗೂ ಲೇನ್‌ಗಳು (ಡೇಟಾ ಓಡುವ ಸಾಲುಗಳು) ಬರುವುದು ನೇರ ಪ್ರೊಸೆಸರ್‌ನಿಂದ. 5600ಜಿ ಕೊಡುವುದು ಜೆನ್ 3 ಮಾತ್ರ. ಬರೀ 5600 ಆದರೆ ಜೆನ್ 4. ಹಾಗಂತ ಒಳಗೇ ಗ್ರಾಫಿಕ್ಸ್ ಇದೆ ಎಂದು ಹೇಳುವ 'ಜಿ' ಒಂದನ್ನೇ ನೋಡಿದರೂ ಸಾಲದು. 5500ಕ್ಕೆ 'ಜಿ' ಇಲ್ಲ, ಆದರೂ ಅದು ಜೆನ್ 3.

ಅಕ್ಕನ ಮಗನ ಹತ್ತಿರ 5600 ಇತ್ತು. ಭಾನುವಾರ ಅದನ್ನೂ ಅವನ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡನ್ನೂ ತರಿಸಿಕೊಂಡೆ. ಬಿಚ್ಚುವಾಗ ಪೇಸ್ಟ್ ಅಂಟಿ, ಕೂಲರ್ ಜೊತೆಗೇ ನನ್ನ ಪ್ರೊಸೆಸರ್ ಎದ್ದು ಬಂತು. ಪಿನ್ ಬಾಗಲಿಲ್ಲ, ಪುಣ್ಯ. 5600 ಕೂರಿಸಿದ ಮೇಲೆ ಅದೇ ಎಸ್‌ಎಸ್‌ಡಿ 7,000ದ ಹತ್ತಿರ ಹೋಯಿತು. ಆದರೆ ವಿಂಡೋಸ್ ಶುರುವಾಗುವುದರಲ್ಲಿ ನನ್ನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಮದುವೆ ವಿಡಿಯೋ ಕಾಪಿ ಮಾಡುವಾಗಲೂ ಅಷ್ಟೆ. ಕ್ಯಾಮೆರಾದ ಕಾರ್ಡೇ ನಿಧಾನ, ಎಸ್‌ಎಸ್‌ಡಿ ಏನು ಮಾಡೀತು?

ನಿಜವಾದ ಫರಕು ಕಂಡಿದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. 6500 ಎಕ್ಸ್‌ಟಿ ಉದ್ದನೆಯ ಸ್ಲಾಟಿನಲ್ಲೇ ಕೂರುತ್ತದೆ, ಆದರೆ ಬಳಸುವುದು 4 ಲೇನ್ ಮಾತ್ರ. ಜೆನ್ 4ರಲ್ಲಿ ಆ ನಾಲ್ಕರಿಂದ ಸೆಕೆಂಡಿಗೆ ಸುಮಾರು 8 ಜಿಬಿ ದಾಟುತ್ತದೆ, ಜೆನ್ 3ರಲ್ಲಿ ಅದರ ಅರ್ಧ. ಕಾರ್ಡಿನ ಮೆಮೊರಿ 4 ಜಿಬಿ. ಅದು ತುಂಬಿದರೆ ಉಳಿದದ್ದು ರ್‍ಯಾಮ್‌ನಿಂದ ಇದೇ ಸಣ್ಣ ದಾರಿಯಲ್ಲಿ ಬರಬೇಕು. 5600ರಲ್ಲಿ ಚೆನ್ನಾಗಿ ಓಡುತ್ತಿದ್ದ ಆಟ ನನ್ನ 5600ಜಿಯಲ್ಲಿ ತಡವರಿಸತೊಡಗಿತು. "ಮಾಮಾ, ಇದರಾಗ ಭಾಳ ಹ್ಯಾಂಗ್ ಹೊಡೀತೈತಿ ನೋಡ್ರಿ" ಎಂದ ಅಕ್ಕನ ಮಗ. ಆಟದ ಟೆಕ್ಸ್ಚರ್ (ಚಿತ್ರದ ವಿವರ) ಕಡಿಮೆ ಮಾಡಿದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಆದವು. 8 ಲೇನ್ ಇರುವ ಆರ್‌ಎಕ್ಸ್ 6600 ಆಗಿದ್ದರೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ.

ಇಂಟೆಲ್‌ನಲ್ಲಾದರೆ ಈ ತೊಡಕು ಇಲ್ಲ ಅಂದುಕೊಳ್ಳಬೇಡಿ. ಗದಗಿನ ಗೆಳೆಯನದು ಬಿ560 ಬೋರ್ಡ್, ಐ5-10400. ನನ್ನ ಎಸ್‌ಎಸ್‌ಡಿಯನ್ನು ಅದರ ಮೇಲಿನ ಎಂ.2 ಸ್ಲಾಟಿಗೆ ಹಾಕಿದೆವು. ನಿಧಾನವಾಗುವುದು ಹಾಗಿರಲಿ, ಕಾಣಿಸಲೇ ಇಲ್ಲ! ಸತ್ತೇಹೋಯಿತು ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆವು. 10ನೇ ತಲೆಮಾರಿನ ಪ್ರೊಸೆಸರ್‌ನಲ್ಲಿ 16 ಲೇನ್ ಅಷ್ಟೇ, ಎಲ್ಲವೂ ಗ್ರಾಫಿಕ್ಸ್ ಸ್ಲಾಟಿಗೆ. ಆ ಎಂ.2ಗೆ ಬೇಕಾದ ಇನ್ನೂ 4 ಲೇನ್ ಬಂದಿದ್ದು 11ನೇ ತಲೆಮಾರಿನಲ್ಲಿ, ಜೆನ್ 4 ಕೂಡ ಆಗಲೇ. ಕೆಳಗಿನ ಸ್ಲಾಟಿಗೆ ಹಾಕಿದೊಡನೆ ಕಾಣಿಸಿತು, ಜೆನ್ 3 ವೇಗದಲ್ಲಿ. ಅಲ್ಲಿ ಐ5-11400 ಹಾಕಿದ್ದರೆ ಎರಡು ಸ್ಲಾಟೂ ನಡೆಯುತ್ತಿದ್ದವು.

ಆಟವೇ ಮುಖ್ಯ ಆಗಿದ್ದರೆ, ಅದೂ ಇಂಥ ಸಣ್ಣ ಕಾರ್ಡಿನಲ್ಲಿ, 5600 ಬಿಟ್ಟು ಬೇರೆ ಯೋಚನೆ ಮಾಡುತ್ತಿರಲಿಲ್ಲ. ನನ್ನದು ವಿಡಿಯೋ ಕೆಲಸ. 6500 ಎಕ್ಸ್‌ಟಿಯಲ್ಲಿ ವಿಡಿಯೋವನ್ನು ಕುಗ್ಗಿಸಿ ಫೈಲ್ ಮಾಡಿಕೊಡುವ ಎನ್‌ಕೋಡರೇ ಇಲ್ಲ, 5600ಜಿಯ ಒಳಗಿನ ಗ್ರಾಫಿಕ್ಸ್‌ನಲ್ಲಿ ಇದೆ. 5600ಕ್ಕೆ ಕಾರ್ಡ್ ಇಲ್ಲದೆ ಪರದೆಯೂ ಬರುವುದಿಲ್ಲ. ಹಾಗಾಗಿ ಆ ಭಾನುವಾರ ಸಂಜೆಯೇ ಅಳಿಯ ತನ್ನ ಪ್ರೊಸೆಸರ್, ಕಾರ್ಡ್ ಎರಡನ್ನೂ ಬಿಚ್ಚಿಕೊಂಡು ಹೋದ. ನನ್ನ ಎಸ್‌ಎಸ್‌ಡಿ ಇವತ್ತಿಗೂ 3,500ರಲ್ಲೇ ಓಡುತ್ತಿದೆ.