ಎಸ್‌ಎಪಿ ಪಿಐನ ಪ್ರೋಸೆಸ್ ಇಂಟಿಗ್ರೇಷನ್ ಸಿನಾರಿಯೋ: ವರ್ಷಗಟ್ಟಲೆ ಬಳಸಿದವರ ಮಾತು

ಎಸ್‌ಎಪಿ ಪಿಐ ಎಂದರೆ ಬೇರೆಬೇರೆ ಸಿಸ್ಟಮ್‌ಗಳ ನಡುವೆ ಮೆಸೇಜ್ ಸಾಗಿಸುವ ತಂತ್ರಾಂಶ. ಅದರಲ್ಲಿ ಕೆಲಸ ಮಾಡುವ ಬಹುತೇಕರು ಅದರ ವಿನ್ಯಾಸ ಸಾಧನವಾದ ಎಂಟರ್‌ಪ್ರೈಸ್ ಸರ್ವಿಸಸ್ ಬಿಲ್ಡರ್ ತೆರೆದ ಕೂಡಲೇ ಮೆಸೇಜ್ ಟೈಪ್ (ಮೆಸೇಜಿನ ರಚನೆ), ಮ್ಯಾಪಿಂಗ್ (ಒಂದು ರಚನೆಯನ್ನು ಇನ್ನೊಂದಕ್ಕೆ ಬದಲಿಸುವ ನಿಯಮ) ಕಡೆಗೆ ಹೋಗಿಬಿಡುತ್ತಾರೆ. ಯಾವ ಸಿಸ್ಟಮ್ ಯಾವುದಕ್ಕೆ ಏನು ಕಳಿಸುತ್ತದೆ ಎಂದು ಚಿತ್ರದಲ್ಲಿ ತೋರಿಸುವ ಪ್ರೋಸೆಸ್ ಇಂಟಿಗ್ರೇಷನ್ ಸಿನಾರಿಯೋ ಪಕ್ಕದಲ್ಲೇ ಇದ್ದರೂ ಅದನ್ನು ಮುಟ್ಟುವವರು ಕಡಿಮೆ. ಅದಿಲ್ಲದೆಯೂ ಮೆಸೇಜ್ ಓಡುತ್ತದೆ, ನಿಜ. ಆದರೂ ಈ ಉತ್ಪನ್ನದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಭಾಗ.

ತೆರೆದರೆ ಕಾಣುವುದು ಮೇಲಿನಿಂದ ಕೆಳಗಿಳಿಯುವ ಉದ್ದುದ್ದ ಸಾಲುಗಳು. ಒಂದೊಂದು ಸಾಲೂ ಒಂದು ಅಪ್ಲಿಕೇಷನ್ ಕಾಂಪೊನೆಂಟ್. ಅದರೊಳಗೆ ಆ ಕಾಂಪೊನೆಂಟ್ ಮಾಡುವ ಕೆಲಸಗಳನ್ನು ಆ್ಯಕ್ಷನ್ ಎಂದು ಇಡುತ್ತೇವೆ. ಎರಡು ಸಾಲುಗಳ ಆ್ಯಕ್ಷನ್‌ಗಳ ನಡುವೆ ಕನೆಕ್ಷನ್ ಎಳೆಯುತ್ತೇವೆ. ಖರೀದಿಯನ್ನೇ ತೆಗೆದುಕೊಳ್ಳಿ. ಎಡಗಡೆ ಖರೀದಿದಾರರ ಸಾಲಿನಲ್ಲಿ 'ಖರೀದಿ ಆದೇಶ ರಚನೆ', ಬಲಗಡೆ ಸರಬರಾಜುದಾರರ ಸಾಲಿನಲ್ಲಿ 'ಮಾರಾಟ ಆದೇಶ ರಚನೆ'. ನಡುವಿನ ಗೆರೆ ಅಸಿಂಕ್ರೊನಸ್, ಅಂದರೆ ಉತ್ತರಕ್ಕೆ ಕಾಯದ್ದು, ಏಕೆಂದರೆ ಆ ಕಡೆಯ ಸಿಸ್ಟಮ್ ಮಲಗಿದ್ದರೂ ಆದೇಶ ಕಳೆದುಹೋಗಬಾರದು. ಅದೇ 'ದಾಸ್ತಾನು ವಿಚಾರಣೆ' ಆದರೆ ಉತ್ತರ ಬರುವ ತನಕ ಬಳಕೆದಾರ ಕಾಯುತ್ತಿರುತ್ತಾನೆ. ಅಲ್ಲಿ ಸಿಂಕ್ರೊನಸ್ ಗೆರೆ. ಕನೆಕ್ಷನ್ ತೆರೆದು ಔಟ್‌ಬೌಂಡ್ (ಕಳಿಸುವ) ಮತ್ತು ಇನ್‌ಬೌಂಡ್ (ಪಡೆಯುವ) ಇಂಟರ್‌ಫೇಸ್, ಅವೆರಡನ್ನು ಬೆಸೆಯುವ ಆಪರೇಷನ್ ಮ್ಯಾಪಿಂಗ್, ಸಂಪರ್ಕ ವಿಧಾನ ಹೇಳುವ ಚಾನೆಲ್ ಟೆಂಪ್ಲೇಟ್ ಜೋಡಿಸಬೇಕು. ಈ ಚಿತ್ರವನ್ನು ವ್ಯವಹಾರ ಬಲ್ಲವರ ಮುಂದಿಟ್ಟರೆ ಮ್ಯಾಪಿಂಗ್ ಬರೆಯುವ ಮೊದಲೇ 'ಆದೇಶ ತಿರಸ್ಕಾರವಾದರೆ ಸುದ್ದಿ ಯಾರಿಗೆ?' ಎಂಬ ಪ್ರಶ್ನೆ ಏಳುತ್ತದೆ. ನನಗೆ ಇದರ ಬೆಲೆ ಇರುವುದೇ ಅಲ್ಲಿ.

ಆ್ಯಕ್ಷನ್‌ಗೆ ಹೆಸರಿಡುವಾಗ ಮಾತ್ರ ಜಾಗ್ರತೆ ಬೇಕು. 'ಐಡಾಕ್ ಕಳಿಸು' (ಐಡಾಕ್ ಎಂದರೆ ಎಸ್‌ಎಪಿಯ ದತ್ತಾಂಶ ವಿನಿಮಯ ದಾಖಲೆ), 'ಫೈಲ್ ಓದು' ಎನ್ನುವುದು ಸಾಗಾಟದ ಮಾತಾಯಿತು, ಕೆಲಸದ ಮಾತಾಗಲಿಲ್ಲ. 'ಖರೀದಿ ಆದೇಶ ರಚನೆ' ಎಂದಿಟ್ಟರೆ ನಾಳೆ ಐಡಾಕ್ ಹೋಗಿ ವೆಬ್ ಸರ್ವಿಸ್ ಬಂದರೂ ಆ್ಯಕ್ಷನ್ ಹಾಗೇ ಉಳಿಯುತ್ತದೆ, ಒಳಗಿನ ಇಂಟರ್‌ಫೇಸ್ ಮಾತ್ರ ಬದಲಾಗುತ್ತದೆ. ಒಂದೇ ಆ್ಯಕ್ಷನ್ ಹಲವು ಸಿನಾರಿಯೋಗಳಲ್ಲಿ ಬಳಕೆಗೆ ಬರುವುದರಿಂದ ಹೆಸರು ಕೆಟ್ಟರೆ ಎಲ್ಲ ಕಡೆಯೂ ಕೆಡುತ್ತದೆ. ಕಾಂಪೊನೆಂಟ್ ವಿಷಯವೂ ಹಾಗೆಯೇ: ಸರ್ವರಿಗೊಂದು ಸಾಲು ಬೇಡ, ಪಾತ್ರಕ್ಕೊಂದು ಸಾಲು ಸಾಕು. ನಿಜವಾದ ಸಿಸ್ಟಮ್ ಯಾವುದೆಂದು ಇಂಟಿಗ್ರೇಷನ್ ಡೈರೆಕ್ಟರಿಯಲ್ಲಿ, ಅಂದರೆ ಕಾನ್ಫಿಗರೇಷನ್ ಮಾಡುವ ಜಾಗದಲ್ಲಿ, ಹೇಳಿದರಾಯಿತು. ಹಾಗಾಗಿ ಡೆವಲಪ್‌ಮೆಂಟಿನಿಂದ ಪ್ರೊಡಕ್ಷನ್‌ವರೆಗೆ ಮಾದರಿ ಒಂದೇ.

ಡೈರೆಕ್ಟರಿಯಲ್ಲಿರುವ ಮಾಡೆಲ್ ಕಾನ್ಫಿಗರೇಟರ್ ಎಂಬ ಸಾಧನ ಈ ಚಿತ್ರವನ್ನೇ ಆಧಾರ ಮಾಡಿಕೊಂಡು ರಿಸೀವರ್ ಡಿಟರ್ಮಿನೇಷನ್ (ಮೆಸೇಜ್ ಯಾರಿಗೆ), ಇಂಟರ್‌ಫೇಸ್ ಡಿಟರ್ಮಿನೇಷನ್ (ಯಾವ ಇಂಟರ್‌ಫೇಸಿಗೆ), ಅಗ್ರಿಮೆಂಟ್ (ಯಾವ ಚಾನೆಲ್ ಮೂಲಕ) ಇವನ್ನು ತಾನೇ ಸೃಷ್ಟಿಸಿಕೊಡುತ್ತದೆ. ಕೈಯಾರೆ ಮಾಡಿದರೆ ಇಂಟರ್‌ಫೇಸ್ ಹೆಸರಿನ ಜೊತೆ ಬರುವ ನೇಮ್‌ಸ್ಪೇಸ್ ತಪ್ಪುವ ಭಯ ಇದ್ದೇ ಇರುತ್ತದೆ. ಒಂದೇ ಸಿನಾರಿಯೋಗೆ ಹಲವು ಕಾಂಪೊನೆಂಟ್ ವ್ಯೂ (ಅದೇ ಚಿತ್ರದ ಬೇರೆಬೇರೆ ರೂಪ) ಇಡಬಹುದಾದ್ದರಿಂದ ಅಪ್‌ಗ್ರೇಡ್ ಸಮಯದಲ್ಲಿ ಹಳೆ ಆವೃತ್ತಿ, ಹೊಸ ಆವೃತ್ತಿ ಎರಡನ್ನೂ ಅಕ್ಕಪಕ್ಕ ಕಾಪಾಡಿಕೊಳ್ಳಬಹುದು.

ಮಿತಿ ಒಂದೇ, ಆದರೆ ದೊಡ್ಡದು. ಆ್ಯಕ್ಷನ್ ಓಡುವ ವಸ್ತುವಲ್ಲ. ಮೆಸೇಜ್ ಓಡಿಸುವ ರನ್‌ಟೈಮ್‌ಗೆ ಅದರ ಪರಿಚಯವೇ ಇಲ್ಲ. ಡೈರೆಕ್ಟರಿಯಲ್ಲಿ ಕೈಯಿಂದ ಮಾಡಿದ ತಿದ್ದುಪಡಿ ಹಿಂದಕ್ಕೆ ಬಂದು ಚಿತ್ರವನ್ನು ತಿದ್ದುವುದಿಲ್ಲ. ಬದಲಾವಣೆ ಮೊದಲು ಚಿತ್ರದಲ್ಲಿ, ಆಮೇಲೆ ಡೈರೆಕ್ಟರಿಯಲ್ಲಿ ಎಂಬ ಶಿಸ್ತು ತಂಡಕ್ಕಿಲ್ಲದಿದ್ದರೆ ಮಾದರಿ ಬೇಗ ಸುಳ್ಳಾಗುತ್ತದೆ.

ಪಿಐಯನ್ನು ಒಳಗೊಂಡ ಪ್ರೋಸೆಸ್ ಆರ್ಕೆಸ್ಟ್ರೇಷನ್ 7.5ರ ಸಾಮಾನ್ಯ ನಿರ್ವಹಣೆ 2027ರ ಕೊನೆಗೆ, ವಿಸ್ತರಿತ ನಿರ್ವಹಣೆ 2030ರ ಕೊನೆಗೆ ಮುಗಿಯುತ್ತದೆ. ಹಾಗಾಗಿ ತಂಡಗಳು ಎಸ್‌ಎಪಿಯ ಕ್ಲೌಡ್ ಇಂಟಿಗ್ರೇಷನ್ ಕಡೆಗೆ ಹೊರಟಿವೆ. ಅದರ ಐಫ್ಲೋದಲ್ಲಿ (ಮೆಸೇಜ್ ಸಾಗುವ ಹೆಜ್ಜೆಗಳ ಚಿತ್ರದಲ್ಲಿ) ಬಿಡಿಸಿದ ಹೆಜ್ಜೆಗಳೇ ಓಡುತ್ತವೆ, ಆದ್ದರಿಂದ ಚಿತ್ರ ಹಳಸುವುದಿಲ್ಲ. ಆದರೆ ಅಲ್ಲಿ ಕಾಣುವುದು ಒಂದು ಮೆಸೇಜಿನ ದಾರಿ. ಆದೇಶದಿಂದ ಬಿಲ್ಲಿನ ತನಕದ ಇಡೀ ವ್ಯವಹಾರ ಒಂದೇ ನೋಟಕ್ಕೆ ಸಿಗುವುದಿಲ್ಲ. ಹಾಗಾಗಿ ವಲಸೆಗೆ ಹೊರಟ ತಂಡಗಳಿಗೆ ನನ್ನ ಸಲಹೆ: ಸಿನಾರಿಯೋಗಳು ಇದ್ದರೆ ಅವನ್ನು ಈಗಿನ ಕಾನ್ಫಿಗರೇಷನ್ನಿಗೆ ತಾಳೆ ನೋಡಿ ಸರಿಪಡಿಸಿ, ಇಲ್ಲದಿದ್ದರೆ ಮುಖ್ಯ ವ್ಯವಹಾರಗಳಿಗಾದರೂ ಈಗಲೇ ಬಿಡಿಸಿ, ಆಮೇಲೆ ಮೊದಲ ಐಫ್ಲೋಗೆ ಕೈಹಾಕಿ.